ಕಣ್ಣಿಲ್ಲದ ಉಳಿ

ಸಾಗರ, ಸೊರಬಗಳ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಕಂಡು ಬೆರಗಾಗದವರಾರು? ಕೈಯುಳಿಗೆ ಮರದ ಗಂಟು ತಾಗಿದೊಡನೆ ಅದು ಕೆತ್ತುವವನ ಅರಿವಿಗೆ ಬರುತ್ತದೆ. ಪೆಟ್ಟು ತಾನಾಗಿಯೇ ಹಗುರವಾಗುತ್ತದೆ. ಇಂದು ಮನೆಬಾಗಿಲುಗಳ ಮೇಲೆ ಬಳ್ಳಿ, ನವಿಲು, ಗಜಲಕ್ಷ್ಮಿಯರನ್ನು ಮೂಡಿಸುತ್ತಿರುವ ಗಣಕಚಾಲಿತ ಯಂತ್ರಕ್ಕೆ ಸಾಮಾನ್ಯವಾಗಿ ಈ ಅರಿವಿಲ್ಲ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡುತ್ತದೆ!

ಅಂಕಿಗಳ ಆಜ್ಞೆಯಂತೆ ನಡೆಯುವ ಇಂಥ ಯಂತ್ರವನ್ನು ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ 1952ರಲ್ಲಿ ಪ್ರದರ್ಶಿಸಿತು. ಅದು ಲೋಹವನ್ನು ಕೊರೆಯುವ ಯಂತ್ರ. ರಂಧ್ರಗಳುಳ್ಳ ಪಟ್ಟಿಯೇ ಅದಕ್ಕೆ ಆಜ್ಞಾಪತ್ರ. ಈಗ ಪಟ್ಟಿಯ ಸ್ಥಾನವನ್ನು ಗಣಕ ವಹಿಸಿದೆ; ಲೋಹದ ಜೊತೆಗೆ ಮರವೂ ಅದರ ವಶವಾಗಿದೆ.

ಮೊದಲನೆಯ ಎಚ್ಚರಿಕೆ ಅಳತೆಯದು. ಒಂದು ಅಂಗುಲವೆಂದರೆ 25.4 ಮಿಲಿಮೀಟರು. ಮಿಲಿಮೀಟರಿನಲ್ಲಿ ಬರೆದ 3ನ್ನು ಯಂತ್ರ ಅಂಗುಲವೆಂದು ಓದಿದರೆ, ಉಳಿ ಹಲಗೆಯನ್ನು ದಾಟಿ ಕೆಳಗಿನ ಮೇಜಿಗೇ ಇಳಿಯಲೆತ್ನಿಸುತ್ತದೆ.

ಎರಡನೆಯದು ಶೂನ್ಯಬಿಂದು. ಹಲಗೆಯ ಮೇಲ್ಮೈ ಎಲ್ಲಿದೆ ಎಂಬುದನ್ನು ಯಂತ್ರಕ್ಕೆ ಮನುಷ್ಯನೇ ತೋರಿಸಿಕೊಡಬೇಕು. ಉಳಿಯನ್ನು ಬದಲಿಸಿದಾಗ ಅದರ ಉದ್ದವೂ ಬದಲಾಗುವುದರಿಂದ ಎತ್ತರವನ್ನು ಮತ್ತೆ ಗೊತ್ತುಪಡಿಸಬೇಕು. ಹಲಗೆ ಸಮತಟ್ಟಾಗಿರುವುದೂ ಅಗತ್ಯ. 90 ಡಿಗ್ರಿಯ ಮೊನೆಯುಳಿ ಕೊರೆಯುವ ಗೆರೆಯ ಅಗಲ ಅದರ ಆಳದ ಇಮ್ಮಡಿ; ಒಂದು ಮೂಲೆ 1 ಮಿಲಿಮೀಟರು ಉಬ್ಬಿದ್ದರೆ ಅಲ್ಲಿನ ಗೆರೆ 2 ಮಿಲಿಮೀಟರು ದಪ್ಪಗಾಗಿ ಚಿತ್ರದ ಅಂದವನ್ನೇ ಕೆಡಿಸುತ್ತದೆ.

ಮೂರನೆಯದು ಹಿಡಿತ. ಹಲಗೆ ಕೂದಲೆಳೆಯಷ್ಟೂ ಕದಲಬಾರದು. ಅದನ್ನು ಬಿಗಿದ ಕ್ಲಾಂಪುಗಳು ಉಳಿಯ ಹಾದಿಗೆ ಅಡ್ಡವಿರಲೂ ಬಾರದು. ಆಕೃತಿಯನ್ನು ಸುತ್ತಲೂ ಕತ್ತರಿಸಿ ತೆಗೆಯುವಾಗ ಅಲ್ಲಲ್ಲಿ ಸಣ್ಣ ಕೊಂಡಿಗಳನ್ನು ಉಳಿಸಬೇಕು. ಇಲ್ಲವಾದರೆ ಬಿಡುಗಡೆಗೊಂಡ ತುಂಡು ತಿರುಗುವ ಉಳಿಗೆ ಸಿಕ್ಕಿ ಸಿಡಿಯಬಹುದು.

ನಾಲ್ಕನೆಯದು ವೇಗ. ‘ನಿಧಾನವೇ ಪ್ರಧಾನ’ ಎಂಬ ಮಾತು ಇಲ್ಲಿ ಪೂರ್ತಿಯಾಗಿ ಸಲ್ಲದು. ಉಳಿ ರಭಸದಿಂದ ಸುತ್ತುತ್ತ ಮೆಲ್ಲಗೆ ಮುಂದುವರಿದರೆ ಮರವನ್ನು ಕತ್ತರಿಸುವ ಬದಲು ಉಜ್ಜುತ್ತದೆ, ಮರ ಕರಿಯುತ್ತದೆ. ನಿಮಿಷಕ್ಕೆ 18,000 ಸುತ್ತು ಸುತ್ತುವ ಎರಡು ಅಲಗಿನ ಉಳಿಯ ಪ್ರತಿ ಅಲಗೂ 0.1 ಮಿಲಿಮೀಟರು ದಪ್ಪದ ಚೂರನ್ನು ತೆಗೆಯಬೇಕಾದರೆ, ಅದು ನಿಮಿಷಕ್ಕೆ 3,600 ಮಿಲಿಮೀಟರು ಸಾಗಬೇಕು. ಇದನ್ನು ಮೀರಿ ಧಾವಿಸಿದರೆ ಉಳಿ ಮುರಿಯುವ ಭಯ. ತೆವಳಿದರೆ ಬೆಂಕಿಯ ಭಯ. ಕಾದ ಕಿಡಿಯೊಂದು ಹೊಟ್ಟಿನ ಚೀಲವನ್ನು ಸೇರಿದರೆ ಕಾರ್ಖಾನೆಯೇ ಹೊತ್ತಿಕೊಳ್ಳಬಹುದು. ಆದ್ದರಿಂದ ಯಂತ್ರ ನಡೆಯುತ್ತಿರುವಾಗ ಅದನ್ನು ಒಂಟಿಯಾಗಿ ಬಿಟ್ಟು ಹೋಗುವುದು ಸಲ್ಲದು.

ಮರದ ಗುಣವನ್ನೂ ಮರೆಯುವಂತಿಲ್ಲ. ಚೆನ್ನಾಗಿ ಒಣಗದ ಹಲಗೆ, ಕೆತ್ತನೆ ಎಷ್ಟೇ ಸೊಗಸಾಗಿದ್ದರೂ, ಮುಂದೆ ಬಾಗಿ ಬಿರುಕು ಬಿಡಬಹುದು.

ಈ ತೊಡಕುಗಳಲ್ಲಿ ಬಹುಪಾಲನ್ನು ಮೊದಲೇ ಕಂಡುಕೊಳ್ಳಲು ಸುಲಭವಾದ ಉಪಾಯವೊಂದುಂಟು. ಉಳಿಯನ್ನು ಹಲಗೆಗಿಂತ ಎತ್ತರದಲ್ಲಿರಿಸಿ ಯಂತ್ರವನ್ನು ಒಮ್ಮೆ ಗಾಳಿಯಲ್ಲಿಯೇ ನಡೆಸುವುದು; ಅನಂತರ ಅಗ್ಗದ ಮರದ ಮೇಲೆ ಒಂದು ಮೂಲೆಯನ್ನು ಕೆತ್ತಿ ನೋಡುವುದು. ಕೈಯನ್ನು ನಿಲುಗಡೆಯ ಕೆಂಪು ಗುಂಡಿಯ ಬಳಿಯಲ್ಲಿಯೇ ಇರಿಸಿಕೊಳ್ಳುವುದು.

ಈ ಪರೀಕ್ಷೆಗೆ ಹಿಡಿಯುವುದು ಅಲ್ಪ ಕಾಲ. ಅದನ್ನು ಉಳಿಸಲು ಹೋಗಿ ದಶಕಗಳ ಕಾಲ ಬೆಳೆದ ತೇಗದ ಹಲಗೆಯನ್ನು ಸೌದೆಯಾಗಿಸಿದರೆ, ಗಿರಾಕಿಯ ಹಣದೊಡನೆ ಕುಶಲಕರ್ಮಿಯ ಹೆಸರೂ ಹೋಗುತ್ತದೆ. ಯಂತ್ರ ದುಡಿಯುವುದಾದರೂ ಹೊಣೆ ಹೊರುವವನು ಮನುಷ್ಯನೇ.