ಬೊಬ್ಬೆ ಏಳೋಕೆ ಮುಂಚೆ

ಹೋದ ಸೆಮಿಸ್ಟರ್ ಇಂಟರ್-ಬ್ರಾಂಚ್ ಫುಟ್‌ಬಾಲ್‌ನಲ್ಲಿ ನಮ್ಮ ಮೆಕ್ಯಾನಿಕಲ್ ಟೀಮ್ ಸೆಮಿಫೈನಲ್‌ವರೆಗೂ ಹೋಗಿತ್ತು. ಮ್ಯಾಚ್‌ಗೆ ಎರಡೇ ದಿನ ಮುಂಚೆ ನಮ್ಮ ಲೆಫ್ಟ್ ಬ್ಯಾಕ್ ಹೊಸ ಸ್ಟಡ್ಸ್ ತಗೊಂಡಿದ್ದ. ಹಾಫ್ ಟೈಮ್‌ನಲ್ಲಿ "ಹಿಮ್ಮಡಿ ಉರೀತಿದೆ ಕಣ್ರೋ" ಅಂದ. "ಒಂದು ಬೊಬ್ಬೆಗೆ ಇಷ್ಟು ಬೊಬ್ಬೆ ಹೊಡೀತೀಯಲ್ಲೋ" ಅಂತ ನಾವೆಲ್ಲ ನಕ್ಕೆವು. ಅವನೂ ನಕ್ಕು ಮತ್ತೆ ಗ್ರೌಂಡಿಗೆ ಇಳಿದ. ಮ್ಯಾಚ್ ಮುಗಿದ ಮೇಲೆ ಸಾಕ್ಸ್ ತೆಗೆದರೆ ಚರ್ಮವೂ ಜೊತೆಗೇ ಬಂತು. ನಾಲ್ಕನೇ ದಿನ ಜ್ವರ, ಊದಿದ ಕಾಲು, ಆಂಟಿಬಯಾಟಿಕ್ ಕೋರ್ಸ್, ಒಂದು ಇಂಟರ್ನಲ್ಸ್ ಮಿಸ್. ಮ್ಯಾಚೂ ಸೋತಿದ್ವಿ, ಅದು ಬೇರೆ ಮಾತು.

ನಕ್ಕಿದ್ದಕ್ಕೆ ನಮಗೆ ಈಗಲೂ ಬೇಜಾರಿದೆ. ಆಮೇಲೆ ಹಾಸ್ಟೆಲ್‌ನಲ್ಲಿ ಕೂತು ಈ ಬೊಬ್ಬೆ ಯಾಕೆ ಏಳತ್ತೆ, ತಡೆಯೋದು ಹೇಗೆ ಅಂತ ಓದಿದ್ವಿ. ಓದಿದ್ದು, ಮಾಡಿ ನೋಡಿದ್ದು ಎರಡನ್ನೂ ಇಲ್ಲಿ ಬರೀತಿದ್ದೀವಿ.

ಉಜ್ಜಿದ್ದಕ್ಕೆ ಮಾತ್ರ ಅಲ್ಲ

ಶೂ ಚರ್ಮವನ್ನು ಮೇಲಿಂದ ಉಜ್ಜತ್ತೆ, ಅದಕ್ಕೇ ಬೊಬ್ಬೆ ಬರತ್ತೆ ಅಂತ ನಾವೂ ಅಂದುಕೊಂಡಿದ್ವಿ. ಒಂದು ಚಿಕ್ಕ ಪ್ರಯೋಗ ಮಾಡಿ. ಬಲಗೈ ತೋರುಬೆರಳನ್ನು ಎಡಗೈ ಹಿಂಭಾಗದ ಮೇಲೆ ಒತ್ತಿಡಿ. ಬೆರಳು ಜಾರದ ಹಾಗೆ ಹಿಂದೆ ಮುಂದೆ ಆಡಿಸಿ. ಬೆರಳಿನ ಜೊತೆ ಚರ್ಮವೂ ಹೋಗತ್ತೆ, ಕೆಳಗಿನ ಮೂಳೆ ಮಾತ್ರ ಇದ್ದಲ್ಲೇ ಇರತ್ತೆ. ಮಧ್ಯದ ಪದರಗಳು ಎಳೆದಾಡಿಸಿಕೊಳ್ಳುತ್ತವೆ. ಇದೇ ಶಿಯರ್. ಮೆಕ್ಯಾನಿಕ್ಸ್ ಪೇಪರ್‌ನಲ್ಲಿ ಚೌಕ ಓರೆಯಾದ ಹಾಗೆ ಚಿತ್ರ ಬಿಡಿಸಿ ಮಾರ್ಕ್ಸ್ ತಗೊಂಡಿದ್ದೀವಲ್ಲ, ಅದೇ.

ಓಡುತ್ತಾ ಇದ್ದು ಸಡನ್ನಾಗಿ ನಿಂತಾಗ ಅಥವಾ ತಿರುಗಿದಾಗ ಶೂ ನೆಲಕ್ಕೆ ಕಚ್ಚಿಕೊಳ್ಳತ್ತೆ, ಸಾಕ್ಸ್ ಶೂಗೆ, ಚರ್ಮ ಸಾಕ್ಸ್‌ಗೆ. ಒಳಗಿನ ಮೂಳೆ ಮಾತ್ರ ಇನ್ನೂ ಮುಂದೆ ಹೋಗ್ತಿರತ್ತೆ. ಹೀಗೆ ಸಾವಿರಾರು ಸಲ ಆದರೆ ಚರ್ಮದ ಮೇಲ್ಪದರದ ಒಳಗೇ ಒಂದು ಸಣ್ಣ ಬಿರುಕು ಬಿಡತ್ತೆ. ಆ ಜಾಗಕ್ಕೆ ನೀರು ತುಂಬಿಕೊಂಡರೆ ಅದೇ ಬೊಬ್ಬೆ. ಒಂದೇ ಏಟಿಗೆ ಮುರಿಯದ ಕಬ್ಬಿಣದ ತಂತಿ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಮುರಿಯತ್ತಲ್ಲ, ಹಾಗೆ ಇದೂ ಒಂಥರಾ ಫಟೀಗ್. ಅಂಗಾಲು, ಹಿಮ್ಮಡಿ, ಅಂಗೈಯಲ್ಲೇ ಜಾಸ್ತಿ ಆಗೋದಕ್ಕೆ ಕಾರಣ ಅಲ್ಲಿನ ಚರ್ಮ ದಪ್ಪ. ತೆಳು ಚರ್ಮವಾದರೆ ತರಚಿ ಹೋಗತ್ತೆ. ದಪ್ಪ ಚರ್ಮ ತರಚದೆ ಒಳಗೇ ಹರಿಯತ್ತೆ.

ಫ್ರಿಕ್ಷನ್ ಫೋರ್ಸ್ ಅಂದರೆ ಮ್ಯೂ ಇಂಟು ಎನ್. ಹಾಗಾಗಿ ನಮ್ಮ ಕೈಯಲ್ಲಿರೋದು ಮೂರು ದಾರಿ: ಮ್ಯೂ ಕಡಿಮೆ ಮಾಡೋದು, ಒತ್ತಡ ಕಡಿಮೆ ಮಾಡೋದು, ಶೂ ಒಳಗೆ ಕಾಲು ಅಲ್ಲಾಡೋದನ್ನು ಕಡಿಮೆ ಮಾಡೋದು.

ಶೂ

ನಮ್ಮ ಕಡೆ ಹೊಸ ಚಪ್ಪಲಿ "ಕಚ್ಚತ್ತೆ" ಅಂತೀವಿ. ಮನೇಲಿ ಹೊಸ ಚರ್ಮದ ಚಪ್ಪಲಿಗೆ ಎಣ್ಣೆ ಹಚ್ಚಿಡೋದು ಅದಕ್ಕೇ, ಮೆತ್ತಗಾಗಲಿ ಅಂತ. ಸ್ಪೋರ್ಟ್ಸ್ ಶೂಗೆ ಎಣ್ಣೆ ಬೇಡ, ಟೈಮ್ ಕೊಡಿ. ಮೊದಲು ರೂಮಿನಲ್ಲಿ ಅರ್ಧ ಗಂಟೆ, ಆಮೇಲೆ ವಾಕಿಂಗ್, ಆಮೇಲೆ ಪ್ರಾಕ್ಟೀಸ್, ಕೊನೆಗೆ ಮ್ಯಾಚ್. ಮ್ಯಾಚ್ ದಿನ ಹೊಸ ಶೂ ಯಾವತ್ತೂ ಬೇಡ.

ಶೂ ಕೊಳ್ಳೋಕೆ ಸಂಜೆ ಹೋಗಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರತ್ತೆ. ಆಡುವಾಗ ಹಾಕೋ ಸಾಕ್ಸ್ ತಗೊಂಡು ಹೋಗಿ, ಎರಡೂ ಕಾಲಿಗೆ ಹಾಕಿ ನೋಡಿ. ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಇರಲಿ, ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು.

ರನ್ನಿಂಗ್ ಶೂಗಳಲ್ಲಿ ಮೇಲ್ತುದಿಗೆ ಒಂದು ಎಕ್ಸ್‌ಟ್ರಾ ತೂತು ಇರತ್ತೆ, ನೋಡಿದ್ದೀರಾ? ಬಹಳ ಜನ ಅದನ್ನು ಮುಟ್ಟೋದೇ ಇಲ್ಲ. ಲೇಸನ್ನು ಅದೇ ಪಕ್ಕದ ಆ ತೂತಿಗೆ ಹಾಕಿ ಎರಡೂ ಕಡೆ ಚಿಕ್ಕ ಲೂಪ್ ಮಾಡಿ. ಪ್ರತಿ ತುದಿಯನ್ನು ಎದುರು ಕಡೆಯ ಲೂಪ್ ಒಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಗಟ್ಟಿಯಾಗಿ ಕೂರತ್ತೆ. ಖರ್ಚು ಸೊನ್ನೆ.

ಸಾಕ್ಸ್

ಪೂರ್ತಿ ಒಣಗಿದ ಚರ್ಮದಲ್ಲಿ ಫ್ರಿಕ್ಷನ್ ಕಡಿಮೆ, ಬೆವರಿ ತೇವವಾದ ಚರ್ಮದಲ್ಲಿ ಜಾಸ್ತಿ. ಹತ್ತಿ ಸಾಕ್ಸ್ ಬೆವರನ್ನು ಹೀರಿ ಅಲ್ಲೇ ಇಟ್ಟುಕೊಳ್ಳತ್ತೆ, ಅದೇ ತೊಂದರೆ. ಬಟ್ಟೆ ಅಂದರೆ ಕಾಟನ್ನೇ ಒಳ್ಳೇದು ಅನ್ನೋ ಮಾತು ಇಲ್ಲಿ ನಡೆಯಲ್ಲ. ಪಾಲಿಯೆಸ್ಟರ್, ನೈಲಾನ್ ಮಿಕ್ಸ್ ಇರೋ ಸ್ಪೋರ್ಟ್ಸ್ ಸಾಕ್ಸ್ ಬೇಗ ಒಣಗತ್ತೆ. ಒಳಗೆ ತೆಳುವಾದ್ದು ಒಂದು, ಹೊರಗೆ ದಪ್ಪದ್ದು ಒಂದು ಹಾಕಿದರೆ ಜಾರಾಟ ಎರಡು ಸಾಕ್ಸ್ ಮಧ್ಯೆ ನಡೆದು ಚರ್ಮ ಬಚಾವಾಗತ್ತೆ. ಆದರೆ ಶೂನಲ್ಲಿ ಅಷ್ಟು ಜಾಗ ಇರಬೇಕು, ಇಲ್ಲಾಂದ್ರೆ ಎನ್ ಜಾಸ್ತಿಯಾಗಿ ಎಲ್ಲ ತಲೆಕೆಳಗಾಗತ್ತೆ. ಎರಡು ಮ್ಯಾಚ್ ಇರೋ ದಿನ ಬ್ಯಾಗಲ್ಲಿ ಇನ್ನೊಂದು ಜೊತೆ ಒಣ ಸಾಕ್ಸ್ ಇರಲೇಬೇಕು.

ಟೇಪ್, ಪೌಡರ್, ವ್ಯಾಸಲೀನ್

ನಮಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಮೆಡಿಕಲ್ ಶಾಪ್‌ನಲ್ಲಿ ಸಿಗೋ ಪೇಪರ್ ಸರ್ಜಿಕಲ್ ಟೇಪ್. 2016ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವೈದ್ಯರ ಅಧ್ಯಯನದಲ್ಲಿ 128 ಅಲ್ಟ್ರಾಮ್ಯಾರಥಾನ್ ಓಟಗಾರರ ಕಾಲಿನ ಕೆಲವು ಜಾಗಕ್ಕೆ ಈ ಟೇಪ್ ಅಂಟಿಸಿ, ಉಳಿದದ್ದು ಹಾಗೇ ಬಿಟ್ಟು ಹೋಲಿಸಿದರು. ಟೇಪ್ ಇದ್ದ ಕಡೆ ಬೊಬ್ಬೆ ಸುಮಾರು 40% ಕಡಿಮೆ. ನಿಮಗೆ ಯಾವಾಗಲೂ ಬೊಬ್ಬೆ ಏಳೋ ಜಾಗ ನಿಮಗೇ ಗೊತ್ತಿರತ್ತೆ. ಕಾಲು ಒಣಗಿದ್ದಾಗ ಅಲ್ಲಿ ಸುಕ್ಕಿಲ್ಲದೆ ಒಂದು ಪದರ ಅಂಟಿಸಿ. ಸುಕ್ಕಿದ್ದರೆ ಆ ಸುಕ್ಕೇ ಹೊಸ ಬೊಬ್ಬೆ ಎಬ್ಬಿಸತ್ತೆ.

ವ್ಯಾಸಲೀನ್ ಹಚ್ಚಿದರೆ ಮೊದಲು ಚೆನ್ನಾಗಿ ಜಾರತ್ತೆ, ಹೊತ್ತು ಹೋದ ಹಾಗೆ ಫ್ರಿಕ್ಷನ್ ವಾಪಸ್ ಏರತ್ತೆ. ಚಿಕ್ಕ ಆಟಕ್ಕೆ ಓಕೆ, ದಿನಪೂರ್ತಿ ಟೂರ್ನಮೆಂಟ್‌ಗೆ ಮತ್ತೆ ಮತ್ತೆ ಹಚ್ಚಬೇಕು. ಪೌಡರ್ ಬೆವರಲ್ಲಿ ಕಲಸಿಕೊಂಡು ಗಂಟಾಗತ್ತೆ, ಅದನ್ನು ನಂಬಿ ಕೂರಬೇಡಿ. ಬೆವರು ತಡೆಯೋ ಆಂಟಿಪರ್ಸ್ಪಿರೆಂಟ್ ಅನ್ನು ಅಮೆರಿಕದ ವೆಸ್ಟ್ ಪಾಯಿಂಟ್ ಮಿಲಿಟರಿ ಕೆಡೆಟ್‌ಗಳ ಮೇಲೆ ಪರೀಕ್ಷೆ ಮಾಡಿದ್ದರು. 21 ಕಿಲೋಮೀಟರ್ ನಡಿಗೆಯ ನಂತರ ಹಚ್ಚಿದವರಲ್ಲಿ 21% ಜನಕ್ಕೆ ಬೊಬ್ಬೆ, ಹಚ್ಚದವರಲ್ಲಿ 48%. ಆದರೆ ಹಚ್ಚಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಚರ್ಮದ ಉರಿ ಬಂತು. ಅದಕ್ಕೇ ನಾವು ಅದರ ತಂಟೆಗೆ ಹೋಗಲಿಲ್ಲ.

ಉರಿ ಅಂದರೆ ವಾರ್ನಿಂಗ್

ಬೊಬ್ಬೆ ಏಳೋಕೆ ಮುಂಚೆ ಆ ಜಾಗ ಬಿಸಿಯಾಗಿ, ಕೆಂಪಾಗಿ ಉರಿಯತ್ತೆ. ಸುಮ್ಮನೆ ತಡ್ಕೊಳ್ಳೋ ಟೈಮ್ ಅಲ್ಲ ಅದು. ಸಬ್‌ಸ್ಟಿಟ್ಯೂಟ್ ಕೇಳಿ, ಟೇಪ್ ಹಾಕಿ, ಸಾಕ್ಸ್ ಬದಲಾಯಿಸಿ. ಎರಡು ನಿಮಿಷದ ಕೆಲಸ.

ಎದ್ದೇಬಿಟ್ಟರೆ ಚಿಕ್ಕದನ್ನು ಒಡೆಯಬೇಡಿ, ಮೇಲಿನ ಚರ್ಮವೇ ಅದರ ಬ್ಯಾಂಡೇಜ್. ತುಂಬ ದೊಡ್ಡದಾಗಿ ನೋಯ್ತಿದ್ದರೆ ಕ್ಯಾಂಪಸ್ ಹೆಲ್ತ್ ಸೆಂಟರ್‌ನಲ್ಲಿ ಸ್ಟೆರೈಲ್ ಸೂಜಿಯಿಂದ ನೀರು ತೆಗೆಸಿ. ರೂಮಿನ ಸೇಫ್ಟಿ ಪಿನ್ ಬೇಡ. ಚರ್ಮ ಕಿತ್ತು ಹಾಕಬೇಡಿ. ಸುತ್ತ ಕೆಂಪು ಹರಡಿದರೆ, ಕೀವು ಬಂದರೆ, ಕಾಲಿನ ಮೇಲೆ ಕೆಂಪು ಗೆರೆ ಕಂಡರೆ, ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಡಯಾಬಿಟಿಸ್ ಇರೋರು ಸಣ್ಣ ಬೊಬ್ಬೆಗೂ ಹೋಗಿ.

ಇದು ಹೆದರಿಸೋ ಮಾತಲ್ಲ. 1924ರ ಜೂನ್ 30ರಂದು ಅಮೆರಿಕ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ ವೈಟ್ ಹೌಸ್ ಕೋರ್ಟ್‌ನಲ್ಲಿ ಸಾಕ್ಸ್ ಇಲ್ಲದೆ ಶೂ ಹಾಕಿ ಟೆನಿಸ್ ಆಡಿದ. ಕಾಲ್ಬೆರಳಿಗೆ ಬೊಬ್ಬೆ ಎದ್ದಿತು, ಸೋಂಕು ರಕ್ತಕ್ಕೆ ಸೇರಿತು. ಜುಲೈ 7ರಂದು ಅವನು ತೀರಿಕೊಂಡ. ಪೆನಿಸಿಲಿನ್ ಪತ್ತೆಯಾಗೋಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ದೇಶದ ದೊಡ್ಡ ದೊಡ್ಡ ಡಾಕ್ಟರ್‌ಗಳು ಮಂಚದ ಪಕ್ಕದಲ್ಲೇ ಇದ್ದರೂ ಏನೂ ಮಾಡೋಕೆ ಆಗಲಿಲ್ಲ. ನಮ್ಮ ಲೆಫ್ಟ್ ಬ್ಯಾಕ್ ಐದು ದಿನದ ಮಾತ್ರೆಯಲ್ಲಿ ಹುಷಾರಾದ. ಇದನ್ನು ಓದಿದ ರಾತ್ರಿ ನಮ್ಮ ರೂಮಿನಲ್ಲಿ ಯಾರೂ ಜೋಕ್ ಮಾಡಲಿಲ್ಲ.

ಈಗ ನಮ್ಮ ಕಿಟ್ ಬ್ಯಾಗಲ್ಲಿ ಪಂಪ್ ಪಕ್ಕದಲ್ಲೇ ಒಂದು ರೋಲ್ ಟೇಪ್, ಒಂದು ಕತ್ತರಿ ಇರತ್ತೆ. ವಾರ್ಮ್ ಅಪ್ ಮುಗಿದ ಮೇಲೆ, ಹಾಫ್ ಟೈಮ್‌ನಲ್ಲಿ "ಯಾರಿಗಾದ್ರೂ ಉರೀತಿದೆಯಾ?" ಅಂತ ಕ್ಯಾಪ್ಟನ್ ಕೇಳ್ತಾನೆ. ಮೊದಲ ವಾರ ಯಾರೂ ಕೈ ಎತ್ತಲಿಲ್ಲ. ಎರಡನೇ ವಾರ ಲೆಫ್ಟ್ ಬ್ಯಾಕೇ ಎತ್ತಿದ, ಆಮೇಲೆ ಇನ್ನಿಬ್ಬರು. ನಿಮ್ಮ ಟೀಮಲ್ಲೂ ಯಾರಾದರೂ ಕಾಲು ಉರೀತಿದೆ ಅಂದರೆ, ದಯವಿಟ್ಟು ನಮ್ಮ ಥರ ನಗಬೇಡಿ. ಶೂ ಬಿಚ್ಚಿಸಿ ನೋಡಿ.