ಕಾರಿನ ಧ್ವನಿವರ್ಧಕಗಳ ಸ್ವಯಂ ಅಳವಡಿಕೆ

ಕಾರಿನ ಧ್ವನಿವರ್ಧಕಗಳ ಸ್ವಯಂ ಅಳವಡಿಕೆ ಎಂದರೆ ಕಾರಿನೊಂದಿಗೆ ಬಂದ ಸ್ಪೀಕರ್‌ಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಉತ್ತಮ ಗುಣಮಟ್ಟದವುಗಳನ್ನು ಮಾಲೀಕರೇ ಜೋಡಿಸಿಕೊಳ್ಳುವ ಕೆಲಸ. ಇದರ ಫಲಿತಾಂಶವು ಸ್ಪೀಕರಿನ ಬೆಲೆಯೊಂದನ್ನೇ ಅವಲಂಬಿಸಿಲ್ಲ. ಸೂಕ್ತ ಆಯ್ಕೆ, ಬಾಗಿಲಿನಲ್ಲಿ ಬಿಗಿಯಾದ ಜೋಡಣೆ ಹಾಗೂ ಸರಿಯಾದ ತಂತಿ ಸಂಪರ್ಕ ಇವು ಅಷ್ಟೇ ಮುಖ್ಯ. ತಂತಿ ಸಂಪರ್ಕವು ಸುರಕ್ಷತೆಯ ವಿಷಯವೂ ಆಗಿದೆ. ಫ್ಯೂಸ್ ಇಲ್ಲದ ಒಂದು ತಂತಿಯಿಂದ ವಾಹನಕ್ಕೆ ಬೆಂಕಿ ತಗುಲಬಹುದು.

ಹಿನ್ನೆಲೆ

ಅಮೆರಿಕದ ಷಿಕಾಗೋದಲ್ಲಿ ಗ್ಯಾಲ್ವಿನ್ ಸಹೋದರರ ಸಂಸ್ಥೆಯು 1930ರಲ್ಲಿ ‘ಮೊಟೊರೋಲಾ’ ಎಂಬ ಹೆಸರಿನ ಕಾರ್ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಯುರೋಪಿನಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಸಂಸ್ಥೆ 1932ರಲ್ಲಿ ಕಾರ್ ರೇಡಿಯೋ ಪರಿಚಯಿಸಿತು. ಮುಂದೆ ಕ್ಯಾಸೆಟ್, ಸಿಡಿ, ಬ್ಲೂಟೂತ್ ಬಂದವು. ಮೂಲದ ಗುಣಮಟ್ಟ ಸುಧಾರಿಸಿದಂತೆ ಕಡಿಮೆ ಬೆಲೆಯ ಕಾರುಗಳಲ್ಲಿ ಬರುವ ತೆಳು ಕಾಗದದ ಸ್ಪೀಕರ್‌ಗಳ ಮಿತಿ ಎದ್ದು ಕಾಣತೊಡಗಿತು.

ಮೂಲದಲ್ಲಿಯೇ ಇಲ್ಲದ ಧ್ವನಿಯನ್ನು ಯಾವ ಸ್ಪೀಕರೂ ಕೊಡಲಾರದು. ಮಧ್ಯಮ ತರಂಗ ಪ್ರಸಾರದಲ್ಲಿ ಧ್ವನಿಯ ಆವರ್ತನ ಸಾಮಾನ್ಯವಾಗಿ 5 ಕಿಲೋಹರ್ಟ್ಜ್‌ನೊಳಗೆ ಇರುತ್ತದೆ; ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಜ್‌ವರೆಗೆ ಇರುತ್ತದೆ. ಆದ್ದರಿಂದ ಆಕಾಶವಾಣಿಯ ಕಲಬುರಗಿ ಕೇಂದ್ರದ ಮಧ್ಯಮ ತರಂಗ ಪ್ರಸಾರವನ್ನು ಕೇಳುವವರಿಗೆ ಹೊಸ ಸ್ಪೀಕರಿನಿಂದ ಮಾತಿನ ಸ್ಪಷ್ಟತೆ ಸ್ವಲ್ಪ ಹೆಚ್ಚಬಹುದೇ ಹೊರತು ಸಂಗೀತದ ಸೂಕ್ಷ್ಮ ನಾದಗಳು ದೊರೆಯುವುದಿಲ್ಲ.

ಆಯ್ಕೆ

ಕಾರುಗಳಲ್ಲಿ ಸಾಮಾನ್ಯವಾಗಿ 4, 5.25 ಮತ್ತು 6.5 ಇಂಚಿನ ದುಂಡು ಸ್ಪೀಕರ್‌ಗಳನ್ನೂ 6×9 ಇಂಚಿನ ಅಂಡಾಕಾರದವುಗಳನ್ನೂ ಬಳಸಲಾಗುತ್ತದೆ. ವ್ಯಾಸದೊಂದಿಗೆ ಆಳವನ್ನೂ ಅಳೆಯಬೇಕು. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಾಗ ಅದು ಅಯಸ್ಕಾಂತಕ್ಕೆ ತಾಗಬಾರದು.

ಒಂದೇ ಚೌಕಟ್ಟಿನಲ್ಲಿ ದೊಡ್ಡ ಮತ್ತು ಸಣ್ಣ ಸ್ಪೀಕರ್‌ಗಳಿರುವುದನ್ನು ಕೊಆಕ್ಸಿಯಲ್ ಎಂದೂ, ಅವು ಬೇರೆಬೇರೆಯಾಗಿರುವುದನ್ನು ಕಾಂಪೊನೆಂಟ್ ಎಂದೂ ಕರೆಯುತ್ತಾರೆ. ಮೊದಲ ಬಾರಿ ಕೈಹಾಕುವವರಿಗೆ ಕೊಆಕ್ಸಿಯಲ್ ಸುಲಭ.

ಪೆಟ್ಟಿಗೆಯ ಮೇಲಿನ ಗರಿಷ್ಠ ವ್ಯಾಟ್ ಸಂಖ್ಯೆಗಿಂತ ನಿರಂತರ ಸಾಮರ್ಥ್ಯವನ್ನು ಸೂಚಿಸುವ ಆರ್‌ಎಂಎಸ್ ಸಂಖ್ಯೆ ಮುಖ್ಯ. ‘50×4 ವ್ಯಾಟ್’ ಎಂದು ಬರೆದ ಪ್ಲೇಯರ್ ವಾಸ್ತವದಲ್ಲಿ ಪ್ರತಿ ಸ್ಪೀಕರಿಗೆ ನಿರಂತರವಾಗಿ ಕೊಡುವುದು ಸುಮಾರು 15ರಿಂದ 20 ವ್ಯಾಟ್ ಮಾತ್ರ. ಹೀಗಾಗಿ ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದವರು ಡೆಸಿಬೆಲ್‌ನಲ್ಲಿ ನಮೂದಿಸುವ ಸಂವೇದನಶೀಲತೆಯನ್ನು ಗಮನಿಸಬೇಕು. 88 ಡೆಸಿಬೆಲ್ ಸ್ಪೀಕರ್ ಹೊಮ್ಮಿಸುವಷ್ಟೇ ಧ್ವನಿಯನ್ನು 91 ಡೆಸಿಬೆಲ್ ಸ್ಪೀಕರ್ ಅರ್ಧ ವಿದ್ಯುತ್ತಿನಲ್ಲಿ ಹೊಮ್ಮಿಸುತ್ತದೆ. ಹೆಚ್ಚಿನ ಕಾರ್ ಸ್ಪೀಕರ್‌ಗಳ ವಿದ್ಯುತ್ ಪ್ರತಿರೋಧ 4 ಓಮ್; ಪ್ಲೇಯರ್ ಸೂಚಿಸಿದ್ದಕ್ಕಿಂತ ಕಡಿಮೆ ಓಮ್‌ನದನ್ನು ಜೋಡಿಸಿದರೆ ಅದು ಬಿಸಿಯಾಗಿ ಕೆಡಬಹುದು.

ಅಳವಡಿಸುವ ಕ್ರಮ

ಮೊದಲು ಬ್ಯಾಟರಿಯ ಋಣ ತುದಿಯ ಸಂಪರ್ಕ ತೆಗೆಯಬೇಕು. ಬಾಗಿಲಿನ ಒಳ ಹೊದಿಕೆಯ ಸ್ಕ್ರೂಗಳು ಹಿಡಿಕೆಯ ಹಿಂದೆ ಅಡಗಿರುವುದುಂಟು. ಅವನ್ನು ಬಿಚ್ಚಿದ ಬಳಿಕವೇ ಪ್ಲಾಸ್ಟಿಕ್ ಪಟ್ಟಿಯಿಂದ ಹೊದಿಕೆಯನ್ನು ಮೆಲ್ಲಗೆ ಎಬ್ಬಿಸಬೇಕು. ಏರ್‌ಬ್ಯಾಗಿನ ತಂತಿಗಳನ್ನು ಮುಟ್ಟಬಾರದು. ಅವು ಸಾಮಾನ್ಯವಾಗಿ ಹಳದಿ ಹೊದಿಕೆಯಲ್ಲಿರುತ್ತವೆ. ಮೂಲ ತಂತಿಯನ್ನು ಕತ್ತರಿಸದೆ ಆಯಾ ಕಾರಿಗೆ ದೊರೆಯುವ ಕಪ್ಲರ್ ಬಳಸುವುದು ಉತ್ತಮ. ಬೇಕೆನಿಸಿದಾಗ ಹಳೆಯದನ್ನೇ ಮರಳಿ ಜೋಡಿಸಬಹುದು.

ಸ್ಪೀಕರಿನ ಶಂಕು ಮುಂದಕ್ಕೆ ತಳ್ಳಿದ ಗಾಳಿಗೂ ಹಿಂಬದಿಯ ಗಾಳಿಗೂ ಒತ್ತಡ ಪರಸ್ಪರ ವಿರುದ್ಧವಾಗಿರುತ್ತದೆ. ಅಂಚಿನಲ್ಲಿ ಸಂದಿಯಿದ್ದರೆ ಇವೆರಡೂ ಬೆರೆತು ಮಂದ್ರ ಧ್ವನಿ ಕುಗ್ಗುತ್ತದೆ. ಹೊಸ ಸ್ಪೀಕರ್ ಹಳೆಯದಕ್ಕಿಂತ ಪೇಲವವಾಗಿ ಕೇಳಿಸಲು ಇದು ಸಾಮಾನ್ಯ ಕಾರಣ. ಗಟ್ಟಿಯಾದ ಉಂಗುರದ ಮೇಲೆ ಫೋಮ್ ಪಟ್ಟಿ ಇಟ್ಟು ಸ್ಕ್ರೂಗಳನ್ನು ಸಮವಾಗಿ ಬಿಗಿದರೆ ಈ ದೋಷ ನಿವಾರಣೆಯಾಗುತ್ತದೆ.

ತಂತಿ ಜೋಡಣೆ

ಬಿಡಿಯಾಗಿ ಮಾರಾಟವಾಗುವ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ನಿರಂತರ ವಿದ್ಯುತ್ತಿಗೆ, ಕೆಂಪು ಕೀಲಿ ತಿರುಗಿಸಿದಾಗ ಬರುವ ವಿದ್ಯುತ್ತಿಗೆ, ಕಪ್ಪು ಅರ್ಥಿಂಗ್‌ಗೆ ಮೀಸಲು. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ ಸ್ಪೀಕರಿಗೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿದ್ದರೆ ಅದು ಋಣ ತಂತಿ. ಸ್ಪೀಕರಿನ ಯಾವ ತಂತಿಯೂ ಕಾರಿನ ಲೋಹಕ್ಕೆ ತಾಗಬಾರದು.

ಒಂದು ಸ್ಪೀಕರಿನಲ್ಲಿ ಧನ–ಋಣ ತಿರುಗುಮುರುಗಾದರೂ ಮಂದ್ರ ಧ್ವನಿ ಕುಗ್ಗುತ್ತದೆ. 1.5 ವೋಲ್ಟಿನ ಸೆಲ್ಲನ್ನು ಸ್ಪೀಕರಿನ ತುದಿಗಳಿಗೆ ಕ್ಷಣಕಾಲ ತಾಗಿಸಿದಾಗ ಶಂಕು ಹೊರಕ್ಕೆ ಚಲಿಸಿದರೆ, ಸೆಲ್ಲಿನ ಧನ ತುದಿಗೆ ತಾಗಿದ್ದೇ ಸ್ಪೀಕರಿನ ಧನ ತುದಿ. ಪ್ಲೇಯರಿನಿಂದ ಕಳಚಿದ ಸ್ಪೀಕರಿನ ಮೇಲೆ ಮಾತ್ರ ಈ ಪರೀಕ್ಷೆ ಮಾಡಬೇಕು.

ಆಂಪ್ಲಿಫೈಯರ್ ಸೇರಿಸುವುದಾದರೆ ಬ್ಯಾಟರಿಯಿಂದ ನೇರ ತಂತಿ ಬೇಕು. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಬೇಕು. ಈ ಫ್ಯೂಸ್ ಮುಖ್ಯವಾಗಿ ರಕ್ಷಿಸುವುದು ಉಪಕರಣವನ್ನಲ್ಲ, ತಂತಿಯನ್ನು. ಲೋಹದ ಅಂಚಿಗೆ ಉಜ್ಜಿ ಹೊದಿಕೆ ಹರಿದಾಗ ಫ್ಯೂಸ್ ಇಲ್ಲದಿದ್ದರೆ ತಂತಿ ಕಾದು ಹೊತ್ತಿಕೊಳ್ಳುತ್ತದೆ. ತಗಡಿನ ರಂಧ್ರಗಳ ಮೂಲಕ ತಂತಿ ಹಾಯುವಲ್ಲಿ ರಬ್ಬರ್ ಉಂಗುರ ಹಾಕುವುದೂ ಇದೇ ಕಾರಣಕ್ಕೆ.

ಹವಾಮಾನ ಮತ್ತು ಧೂಳು

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ವಾಡಿ ಮತ್ತು ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳೂ, ಶಹಾಬಾದ್ ಸುತ್ತ ಹಾಸುಗಲ್ಲಿನ ಗಣಿಗಳೂ ಇವೆ. ತೆಂಗಳಿ, ಚಿತ್ತಾಪುರ, ಚಿಂಚೋಳಿಗಳ ಕಡೆ ಓಡಾಡುವ ಕಾರುಗಳಿಗೆ ಕಾಗದಕ್ಕಿಂತ ಪಾಲಿಪ್ರೊಪಿಲೀನ್ ಶಂಕು ಹಾಗೂ ರಬ್ಬರ್ ಅಂಚಿನ ಸ್ಪೀಕರ್ ಹೆಚ್ಚು ಸೂಕ್ತ. ಮಳೆನೀರು ಗಾಜಿನ ಸಂದಿಯಿಂದ ಬಾಗಿಲಿನೊಳಗೆ ಇಳಿದು ಕೆಳಗಿನ ರಂಧ್ರಗಳಿಂದ ಹೊರಹೋಗುತ್ತದೆ. ಆ ರಂಧ್ರಗಳನ್ನು ಮುಚ್ಚಬಾರದು. ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಅಂಟಿಸಬೇಕು.

ಶ್ರವಣ ಮತ್ತು ಕಾನೂನು

85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳುವುದು ಶ್ರವಣಶಕ್ತಿಗೆ ಹಾನಿಕರವೆಂದು ಪರಿಗಣಿಸಲಾಗಿದೆ. ಅನಂತರದ ಪ್ರತಿ 3 ಡೆಸಿಬೆಲ್ ಏರಿಕೆಗೆ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್; ರಾತ್ರಿಯ ಅವಧಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ. ಆಂಬುಲೆನ್ಸಿನ ಸೈರನ್ ಹಾಗೂ ಹಿಂದಿನ ವಾಹನದ ಹಾರ್ನ್ ಕೇಳಿಸುವಷ್ಟಕ್ಕೆ ಧ್ವನಿಯನ್ನು ಸೀಮಿತಗೊಳಿಸುವುದು ಚಾಲಕರ ಹೊಣೆ.