ತಗಡಿನ ಚಾವಣಿಯ ಬೇಗೆ ತಗ್ಗಿಸುವ ಬಗೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟದ ಊರುಗಳಲ್ಲಿ ಹೆಂಚಿನ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೆತ್ತೂರು, ಯಸಳೂರು, ಹಾನುಬಾಳು, ಇತ್ತ ಕೆಂಚಮ್ಮನ ಹೊಸಕೋಟೆ, ಯಾವ ದಾರಿಯಲ್ಲಿ ಹೋದರೂ ಕೆಂಪು, ಹಸಿರು, ನೀಲಿ ಬಣ್ಣದ ತಗಡಿನ ಚಾವಣಿಗಳು ಕಣ್ಣಿಗೆ ಬೀಳುತ್ತವೆ. ಇದಕ್ಕಾಗಿ ರೈತರನ್ನು ದೂರುವಂತಿಲ್ಲ. ಕೋತಿಗಳು ಹೆಂಚನ್ನು ಉಳಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಬಲ್ಲ ಆಳುಗಳು ಸಿಕ್ಕುವುದು ಕಷ್ಟ. ರೀಪು, ಪಕಾಸಿಗಳಿಗೆ ಬೇಕಾದ ಒಳ್ಳೆಯ ಮರ ಕೈಗೆಟುಕುವುದಿಲ್ಲ. ತಗಡಾದರೆ ಕೆಲವೇ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಫೆಬ್ರವರಿಯಿಂದ ಮೇ ತಿಂಗಳವರೆಗೆ ನಡುಮಧ್ಯಾಹ್ನ ಆ ಚಾವಣಿಯ ಕೆಳಗೆ ಇರಬೇಕಾದವರು ಮನೆಯ ಹೆಂಗಸರು, ಮಕ್ಕಳು ಮತ್ತು ವಯಸ್ಸಾದವರು. ಮಲೆನಾಡಿಗೆ ಫ್ಯಾನು ಬೇಡವೆಂಬ ಮಾತು ಹೆಂಚಿನ ಮನೆಗೆ ಸಲ್ಲುತ್ತಿತ್ತು, ತಗಡಿನ ಮನೆಗಲ್ಲ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಆ ಹೆಂಚು ನಮ್ಮ ಹವೆಗೆ ಚೆನ್ನಾಗಿ ಒಗ್ಗಿತು. ಸುಟ್ಟ ಮಣ್ಣು ನಿಧಾನವಾಗಿ ಕಾಯುತ್ತದೆ. ಹೀರಿಕೊಂಡ ನೀರು ಆರುವಾಗ ತಂಪಾಗುತ್ತದೆ. ಹೆಂಚು ಹೆಂಚಿನ ನಡುವಿನ ಸಂದುಗಳಿಂದ ಬಿಸಿಗಾಳಿಯೂ ಒಲೆಯ ಹೊಗೆಯೂ ಹೊರಹೋಗುತ್ತವೆ. ಕೆಳಗೆ ಅಟ್ಟವಿದ್ದರೆ ಹೇಳುವುದೇ ಬೇಡ. ಹೆಂಚು ತೆಗೆದು ತಗಡು ಹೊದಿಸಿದ ದಿನ ಈ ಅನುಕೂಲಗಳೆಲ್ಲ ಒಟ್ಟಿಗೆ ಹೋಗುತ್ತವೆ.

ಶಾಖ ಒಳಗೆ ಬರುವುದು ಹೇಗೆ?

ತಿಳಿ ಆಕಾಶದ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವಾಟ್. ಹತ್ತಡಿಗೆ ಹತ್ತಡಿಯ ಒಂದು ಕೋಣೆಯ ಮೇಲೆ ಬೀಳುವ ಬಿಸಿಲು ಸಾವಿರ ವಾಟಿನ ಒಂಬತ್ತು ಇಸ್ತ್ರಿ ಪೆಟ್ಟಿಗೆಗಳಿಗೆ ಸಮ. ಇದರಲ್ಲಿ ಎಷ್ಟನ್ನು ಹೊರಗೇ ತಡೆಯಬಲ್ಲೆವು ಎಂಬುದೇ ಪ್ರಶ್ನೆ. ಹೊರಗಿನ ಗಾಳಿ 32 ಡಿಗ್ರಿ ಸೆಂಟಿಗ್ರೇಡ್ ಇರುವಾಗಲೂ ಮಾಸಿದ ತಗಡು 60 ಡಿಗ್ರಿ ದಾಟುವುದುಂಟು. ಹಾಗೆ ಕಾದ ತಗಡು ತನ್ನ ಕೆಳಗಿನ ಗಾಳಿಯನ್ನು ಬಿಸಿ ಮಾಡುವುದು ಸ್ವಲ್ಪ. ಬಿಸಿಗಾಳಿ ಹಗುರವಾದ್ದರಿಂದ ಅದು ಮೇಲೆಯೇ ನಿಲ್ಲುತ್ತದೆ. ಹೆಚ್ಚಿನ ಶಾಖ ಒಲೆಯ ಕೆಂಡದ ಕಾವು ಮುಖಕ್ಕೆ ತಾಗುವಂತೆ ನೇರವಾಗಿ ನಮ್ಮ ತಲೆಗೆ, ಗೋಡೆಗೆ, ನೆಲಕ್ಕೆ ಬಂದು ತಾಗುತ್ತದೆ. ಇದನ್ನು ವಿಕಿರಣ ಶಾಖ ಎನ್ನುತ್ತಾರೆ.

ಇದನ್ನು ನೀವೇ ಪರೀಕ್ಷಿಸಬಹುದು. ಮಧ್ಯಾಹ್ನ ಎರಡು ಗಂಟೆಗೆ ತಗಡಿನ ಕೆಳಗೆ ನಿಂತು ನೆತ್ತಿಯ ಮೇಲೆ ಒಂದು ಗೇಣು ಎತ್ತರದಲ್ಲಿ ರಟ್ಟೊಂದನ್ನು ಅಡ್ಡ ಹಿಡಿಯಿರಿ. ಕೋಣೆಯ ಗಾಳಿ ಬದಲಾಗದಿದ್ದರೂ ತಲೆಗೆ ಹತ್ತುವ ಬೇಗೆ ತಟ್ಟನೆ ಕಡಿಮೆಯಾಗುತ್ತದೆ. ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಸುಖವಾಗದಿರುವುದಕ್ಕೆ ಕಾರಣ ಇಲ್ಲಿದೆ: ಫ್ಯಾನು ಗಾಳಿಯನ್ನು ಆಡಿಸಬಲ್ಲದೇ ಹೊರತು ವಿಕಿರಣವನ್ನು ತಡೆಯಲಾರದು.

ಬಣ್ಣದ ಮಾತು

ಹೆಂಚಿನಂತೆ ಕಾಣಲೆಂದು ಕಡುಕೆಂಪನ್ನೂ, ತೋಟಕ್ಕೆ ಹೊಂದಲೆಂದು ಕಡುಹಸಿರನ್ನೂ ಆರಿಸುವವರೇ ಹೆಚ್ಚು. ನೋಡಲು ಚೆನ್ನ, ಆದರೆ ಇಂಥ ಗಾಢ ಬಣ್ಣಗಳು ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಹೀರಿಕೊಳ್ಳುತ್ತವೆ. ಶುಭ್ರ ಬಿಳಿ ಬಣ್ಣ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹೊಸದಾಗಿ ಕೊಳ್ಳುವವರಿಗೆ ತಿಳಿ ಬಣ್ಣದ ತಗಡು ಬೆಲೆಯಲ್ಲಿ ಹೊರೆಯಾಗದು. ಆದ್ದರಿಂದ ಅದನ್ನೇ ಆರಿಸುವುದು ಮೇಲು.

ಹಳೆಯ ಜಿಂಕ್ ಶೀಟಿಗೆ ಸುಣ್ಣ ಬಳಿಯುವ ರೂಢಿ ಅಲ್ಲಲ್ಲಿ ಇದೆ. ಸಿಮೆಂಟ್ ಶೀಟಿಗೆ ಸುಣ್ಣ ಸರಿ. ಸತುವಿಗೆ ಕ್ಷಾರ ಆಗದು; ಸುಣ್ಣ ಅದರ ಮೇಲೆ ಹಿಡಿದು ನಿಲ್ಲುವುದೂ ಇಲ್ಲ. ಜಿಂಕ್ ಶೀಟನ್ನು ತಿಕ್ಕಿ ತೊಳೆದು, ಸತುವಿಗೆ ಹೊಂದುವ ಪ್ರೈಮರ್ ಹಚ್ಚಿ, ಆಮೇಲೆ ಹೊರಗೋಡೆಗೆ ಬಳಸುವ ಬಿಳಿ ಬಣ್ಣವನ್ನು ಎರಡು ಸಲ ಬಳಿಯಬೇಕು. ಆದರೂ ಬಯಲುಸೀಮೆಯಲ್ಲಿ ಸಿಗುವಷ್ಟು ಲಾಭ ಇಲ್ಲಿ ಸಿಗದು. ಬಿಸಿಲೆ, ಹೆತ್ತೂರುಗಳ ಮಳೆಗೆ ಎರಡು ವರ್ಷದಲ್ಲಿ ಬಿಳಿ ಚಾವಣಿ ಪಾಚಿ ಹಿಡಿದು ಕಪ್ಪಾಗುತ್ತದೆ. ಕಾಫಿ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ವರ್ಷಕ್ಕೊಮ್ಮೆ ತಿಕ್ಕಿ ತೊಳೆಯದಿದ್ದರೆ ಬಣ್ಣಕ್ಕೆ ಹಾಕಿದ ಹಣ ವ್ಯರ್ಥ. ನಮ್ಮ ಕಡೆಗೆ ಬಣ್ಣಕ್ಕಿಂತ ಒಳಗಿನ ತಡೆಯೇ ಹೆಚ್ಚು ನಂಬಿಕೆಗೆ ತಕ್ಕದ್ದು.

ಒಳಗಿನ ತಡೆ

ಹೊಳೆಯುವ ಅಲ್ಯೂಮಿನಿಯಂ ಹಾಳೆ ತನ್ನ ಮೇಲೆ ಬಿದ್ದ ವಿಕಿರಣ ಶಾಖದಲ್ಲಿ ಶೇಕಡ 95ರಷ್ಟನ್ನು ಪ್ರತಿಫಲಿಸುತ್ತದೆ. ತಾನು ಬಿಸಿಯಾದರೂ ಹೊರಸೂಸುವುದು ತೀರ ಕಡಿಮೆ. ಎರಡು ಹಾಳೆಗಳ ನಡುವೆ ಗಾಳಿಗುಳ್ಳೆಯ ಪ್ಲಾಸ್ಟಿಕ್ ಇರುವ ಸುರುಳಿಗಳು ಪೇಟೆಯಲ್ಲಿ ದೊರೆಯುತ್ತವೆ. ಆದರೆ ಇದನ್ನು ತಗಡಿಗೆ ಅಂಟಿಸಿದರೆ ಮೇಲ್ಮುಖದ ಹೊಳಪಿನಿಂದ ಪ್ರಯೋಜನವಿಲ್ಲ. ತಗಡಿನ ಬಿಸಿ ನೇರವಾಗಿ ಹಾಳೆಗೆ ಹರಿಯುತ್ತದೆ. ನಡುವೆ ಕನಿಷ್ಠ 2.5 ಸೆಂ.ಮೀ. ಗಾಳಿಯ ತೆರಪು ಇರಲೇಬೇಕು. ಈಗಾಗಲೇ ತಗಡು ಹೊದಿಸಿರುವ ಮನೆಯಲ್ಲಿ ಅಡ್ಡಪಟ್ಟಿಗಳ ಕೆಳಗಡೆಗೆ ಹಾಳೆಯನ್ನು ಬಿಗಿದರೆ ಪಟ್ಟಿಯ ದಪ್ಪವೇ ಬೇಕಾದ ತೆರಪು ಕೊಡುತ್ತದೆ. ಒಂದೇ ಮುಖ ಹೊಳೆಯುವ ಹಾಳೆಯಾದರೆ ಆ ಮುಖ ಕೆಳಗಿರಲಿ. ಮೇಲ್ಮುಖವಾದರೆ ಕಾಲಕ್ರಮದಲ್ಲಿ ದೂಳು ಕೂತು ಹೊಳಪು ಕೆಡುತ್ತದೆ.

ಹಾಳೆಯನ್ನು ಚಾವಣಿಯ ಇಳಿಜಾರಿಗೆ ಸರಿಯಾಗಿ, ಮೇಲಿನ ತುಂಡು ಕೆಳಗಿನದರ ಮೇಲೆ ಬರುವಂತೆ ಹಾಕಿ ಸೂರಿನ ಹೊರಗೆ ಬಿಡಬೇಕು. ಕಾರಣವಿದೆ. ನವೆಂಬರಿನಿಂದ ಜನವರಿಯವರೆಗೆ ತಿಳಿ ಆಕಾಶದ ರಾತ್ರಿಗಳಲ್ಲಿ ಇದೇ ತಗಡು ಆಕಾಶಕ್ಕೆ ಶಾಖ ಸೂಸಿ ಗಾಳಿಗಿಂತಲೂ ತಣ್ಣಗಾಗುತ್ತದೆ. ಮನೆಯೊಳಗಿನ ತೇವ ಅದರ ಕೆಳಮೈಯಲ್ಲಿ ಹನಿಗಟ್ಟಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಚಾವಣಿ ಸೋರುತ್ತಿದೆಯೆಂದು ತಿಳಿದು ತೂತು ಹುಡುಕುವವರಿದ್ದಾರೆ. ಹನಿ ಬೀಳುವುದು ಹಾಸಿಗೆಯ ಮೇಲಾದರೆ ಒಣಗಿಸಬಹುದು; ಶೇಕಡ 10-11 ತೇವಕ್ಕೆ ಒಣಗಿಸಿ ಚೀಲ ತುಂಬಿಟ್ಟ ಕಾಫಿಯ ಮೇಲೋ ಮೆಣಸಿನ ಮೇಲೋ ಆದರೆ ಬೂಷ್ಟು ಹಿಡಿದು ವರ್ಷದ ದುಡಿಮೆಗೆ ಪೆಟ್ಟು. ಇಳಿಜಾರಾಗಿ ಹಾಕಿದ ಹಾಳೆ ಆ ಹನಿಯನ್ನು ಹೊರಗೆ ಸಾಗಿಸುತ್ತದೆ.

ಹಾಳೆ ಕೊಳ್ಳಲು ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. ತೋಟದ ಸಿಲ್ವರ್ ಓಕ್ ಹಲಗೆ, ಅಡಿಕೆ ದಬ್ಬೆ, ಬಿದಿರಿನ ತಟ್ಟಿ, ಇವುಗಳಲ್ಲಿ ಯಾವುದರಿಂದಲಾದರೂ ತಗಡಿನಿಂದ ಒಂದೆರಡು ಅಡಿ ಕೆಳಗೆ ಮುಚ್ಚಿಗೆ ಮಾಡಿಸಬಹುದು. ನಮ್ಮ ಹಿರಿಯರ ಅಟ್ಟವೇ ಇದು. ಬಿದಿರು, ಹಲಗೆಗಳಿಗೆ ಮೊದಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸಿದರೆ ಕೊರೆಹುಳುವಿನ ಕಾಟ ತಪ್ಪುತ್ತದೆ. ಮಳೆಯ ಸದ್ದಿಗೂ ಇದು ಒಳ್ಳೆಯ ಪರಿಹಾರ; ಜೂನ್ ಜುಲೈಗಳಲ್ಲಿ ಬರಿಯ ತಗಡಿನ ಕೆಳಗೆ ಮಕ್ಕಳು ಪಾಠ ಓದುವುದಿರಲಿ, ಕರೆದರೂ ಕೇಳಿಸದು. ಥರ್ಮೋಕೋಲ್ ಅಗ್ಗವೆಂದು ಸೌದೆ ಒಲೆಯಿರುವ ಮನೆಯಲ್ಲಿ ಅದನ್ನು ಬಳಸಬಾರದು. ಬೆಂಕಿಗೆ ಬೇಗ ಹತ್ತುತ್ತದೆ, ಇಲಿಗಳೂ ಬಿಡುವುದಿಲ್ಲ.

ತಡೆ ಯಾವುದೇ ಇರಲಿ, ಅದರ ಮೇಲಿನ ಬಿಸಿಗಾಳಿಗೆ ದಾರಿ ಬೇಕು. ಸೂರಿನ ಕೆಳಗೆ ಗಾಳಿ ಒಳಬರಲು, ನೆತ್ತಿಯ ಮಡಿಕೆಯಲ್ಲಿ ಹೊರಹೋಗಲು ಸಂದು ಬಿಡಿಸಿ, ಎರಚಲು ಹೊಡೆಯದಂತೆ ಮೇಲೊಂದು ಟೋಪಿಯನ್ನೂ, ಬಾವಲಿ ಸೇರದಂತೆ ಜಾಲರಿಯನ್ನೂ ಹಾಕಿಸಿ. ಅಡುಗೆಮನೆಯಲ್ಲಿ ಹೊಗೆಗೆ ಹೆಂಚಿನ ಸಂದು ಇನ್ನಿಲ್ಲವಾದ್ದರಿಂದ ಹೊಗೆಕೊಳವೆ ಇರುವ ಒಲೆ ಕಡ್ಡಾಯವೆಂದೇ ತಿಳಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಇದಕ್ಕೆ ಹೊಂದುತ್ತದೆ.

ಹೆಂಚು ಇನ್ನೂ ಇದ್ದರೆ

ಪಕಾಸಿ, ತೊಲೆಗಳು ಗಟ್ಟಿಯಾಗಿದ್ದರೆ ಹೆಂಚನ್ನು ಕೀಳಿಸಬೇಡಿ. ಗೋಡೆಯ ಬಲ ನೋಡಿ, ಪ್ರತ್ಯೇಕ ಕಂಬಗಳ ಮೇಲೆ ಕಬ್ಬಿಣದ ಚೌಕಟ್ಟು ಎಬ್ಬಿಸಿ, ಹೆಂಚಿನಿಂದ ಒಂದಡಿ ಎತ್ತರದಲ್ಲಿ ತಗಡು ಹೊದಿಸಿದರೆ ಕೋತಿ, ಮಳೆ ಎರಡರ ಕಾಟವೂ ತಪ್ಪಿ, ಕೆಳಗಿನ ಹೆಂಚೇ ಶಾಖಕ್ಕೆ ತಡೆಯಾಗುತ್ತದೆ. ಆರ್.ಸಿ.ಸಿ. ಮನೆಗಳ ಮೇಲೆ ತಗಡಿನ ಕೊಟ್ಟಿಗೆಯಂತೆ ಹಾಕಿ ಕೆಳಗೆ ಕಾಫಿ, ಅಡಿಕೆ ಹರಡುವುದೂ ಇದೇ ತತ್ವ. ನಾಲ್ಕು ಕಡೆ ತೆರೆದಿರುವುದರಿಂದ ಗಾಳಿಗೆ ಹಾರದಂತೆ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಿಸಬೇಕು.

ಕೊನೆಗೆ ತೋಟದ ಲೈನು ಮನೆಗಳ ವಿಚಾರ. ಕಾರ್ಮಿಕರ ವಸತಿಯನ್ನು ತೋಟದ ಮಾಲೀಕರ ಹೊಣೆಯೆಂದು ಕಾನೂನು ಹೇಳಿದ್ದು 1951ರಲ್ಲಿ. ಅಲ್ಲಿ ಚಾವಣಿ ತಗ್ಗು, ಕಿಟಕಿ ಚಿಕ್ಕದು, ತಗಡು ಹಳೆಯದು; ಬೇಗೆ ಹೆಚ್ಚು ತಾಗುವುದು ಅಲ್ಲಿಯೇ. ದೊಡ್ಡಮನೆಗೆ ಹಾಳೆ ತರಿಸುವಾಗ ಲೈನಿಗೂ ಲೆಕ್ಕ ಹಾಕಿ ತರಿಸುವುದು ನ್ಯಾಯ. ಅಲ್ಯೂಮಿನಿಯಂ ಹಾಳೆಯಲ್ಲಿ ವಿದ್ಯುತ್ ಹರಿಯುವುದರಿಂದ ಹಾಳೆ ಬಿಗಿಯುವ ಮುನ್ನ ಹಳೆಯ ವೈರುಗಳನ್ನು ಕೊಳವೆಯೊಳಗೆ ಸೇರಿಸಬೇಕು. ಲೈನಿನ ಪಕ್ಕದ ಮರಗಳ ಮೆಣಸು ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದ ದಿನ ತಗಡಿನ ಮೇಲೆ ಬಿದ್ದದ್ದನ್ನು ನೀರಿನಿಂದ ತೊಳೆದುಬಿಡಬೇಕು; ಅದರಲ್ಲಿನ ತಾಮ್ರ ಸತುವಿನ ಲೇಪನವನ್ನು ತಿನ್ನುತ್ತದೆ.